ದೊಡ್ಡವರ ಡಿಸ್ಲೆಕ್ಸಿಯಾ ಮತ್ತು ಕನ್ನಡದ ಓದು

ಡಿಸ್ಲೆಕ್ಸಿಯಾ ಎಂಬ ಹೆಸರು ಹುಟ್ಟಿದ್ದೇ ದೊಡ್ಡವರನ್ನು ನೋಡಿ. ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1880ರ ದಶಕದಲ್ಲಿ, ಮಿದುಳಿನ ಕಾಯಿಲೆಯಿಂದ ಓದು ಕಳೆದುಕೊಂಡ ವಯಸ್ಕರ ಸ್ಥಿತಿಗೆ ಈ ಹೆಸರಿಟ್ಟರು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಬುದ್ಧಿ ಚುರುಕಾಗಿದ್ದೂ ಓದಲಾರದ 14 ವರ್ಷದ ಹುಡುಗನೊಬ್ಬನ ವಿಷಯ ಬರೆದ ಮೇಲೆ ಇದು ಹುಟ್ಟಿನಿಂದಲೂ ಬರುತ್ತದೆಂದು ಜನಕ್ಕೆ ಗೊತ್ತಾಯಿತು. ಅಲ್ಲಿಂದಾಚೆಗೆ ಚರ್ಚೆಯೆಲ್ಲ ಶಾಲೆಯ ಅಂಗಳದಲ್ಲೇ ನಿಂತುಬಿಟ್ಟಿತು. ಕಣ್ಣಿನ ದೋಷವೆಂದುಕೊಂಡಿದ್ದದ್ದು ಬಹುಮಟ್ಟಿಗೆ ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿಯುವಲ್ಲಿನ ತೊಡಕು ಎಂದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸ್ಪಷ್ಟವಾಯಿತು. ನಮ್ಮಲ್ಲೂ ಹಾಗೇ ಆಯಿತು. ಕಲಿಕೆಯ ತೊಡಕು ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಸರಣಿ 12 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ಕನ್ನಡವೂ ಸೇರಿ ನಾಲ್ಕು ಭಾಷೆಗಳಲ್ಲಿ 2015ರಲ್ಲಿ ಬಂದ 'ಡಾಲಿ' ಪರೀಕ್ಷೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ. ಮಗು ಬೆಳೆದು ದೊಡ್ಡದಾದರೂ ತೊಡಕು ಹೋಗುವುದಿಲ್ಲ. ಅಳೆಯುವ ಕೋಲು ಮಾತ್ರ ಬಾಲ್ಯದಲ್ಲೇ ಉಳಿದಿದೆ.

ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷಿನ ಕಾಯಿಲೆ ನಮಗೇಕೆ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಅಕ್ಷರಕ್ಕೂ ಉಚ್ಚಾರಕ್ಕೂ ನಂಟು ಗಟ್ಟಿಯಾಗಿರುವುದರಿಂದ ತಡವಾಗಿಯಾದರೂ ಓದು ಸರಿಹೋಗುತ್ತದೆ. ಆದರೆ ವೇಗ ಬರುವುದಿಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಕಲಿಯಬೇಕಾದ ರೂಪಗಳು ನೂರಾರು. ಈ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆ ಎಂದು ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲೇ ತೋರಿಸಿದರು. ಕನ್ನಡದಲ್ಲಿ ಓದು ಹಿಂದುಳಿದ ಮಕ್ಕಳಲ್ಲೂ ಧ್ವನಿ ಹಿಡಿಯುವ ತೊಡಕು ಇದೆಯೆಂದು ಅವರೂ ಮಾರ್ಗರೆಟ್ ಸ್ನೋಲಿಂಗ್ ಅವರೂ 2011ರಲ್ಲಿ ಬರೆದರು. ಇಂಥ ಮಗು ನಲವತ್ತಕ್ಕೆ ಬಂದಾಗ ಪಹಣಿಯಲ್ಲಿನ 'ಸ್ವಾಧೀನದಾರ'ನನ್ನು ಓದದೆ ಇರುವುದಿಲ್ಲ; ಸ್ವಾ, ಧೀ, ನ ಎಂದು ಒಂದೊಂದೇ ಕೂಡಿಸುತ್ತಾ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಅದನ್ನೇ ಪಕ್ಕದವರು ಓದಿಹೇಳಲಿ, ತಕ್ಷಣ ಅರ್ಥವಾಗುತ್ತದೆ.

ಪಂಚನಹಳ್ಳಿಯಂಥ ಹಳ್ಳಿಗಾಡಿನ ಹೋಬಳಿಯಲ್ಲಿ ಶಾಲೆ ಬಿಟ್ಟವರೆಲ್ಲ ಬಡತನಕ್ಕೆ ಬಿಟ್ಟವರು, ಅವರಿಗೆ ರೋಗದ ಹೆಸರು ಅಂಟಿಸುವುದೇಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬಡತನವನ್ನೂ ತೊಡಕನ್ನೂ ಬೇರೆಮಾಡಿ ನೋಡಲಿಕ್ಕೇ ಪರೀಕ್ಷೆ ಬೇಕು. ಕೇಳಿದ್ದು ಎಷ್ಟು ಅರ್ಥವಾಯಿತು, ಓದಿದ್ದು ಎಷ್ಟು ಎಂದು ಹೋಲಿಸಿ, ಅರ್ಥವಿಲ್ಲದ ಹುಸಿಪದಗಳನ್ನು ಓದಿಸಿ, ಎಷ್ಟು ವರ್ಷ ಶಾಲೆಗೆ ಹೋದರೆಂದು ಕೇಳಿದರೆ, ಕಲಿಸದೆ ಉಳಿದವರು ಯಾರು, ಕಲಿಸಿದರೂ ಹತ್ತದವರು ಯಾರು ಎಂಬುದು ಬಹಳಷ್ಟು ತಿಳಿಯುತ್ತದೆ. ಔಷಧಿಯೇ ಇಲ್ಲದ ಮೇಲೆ ತಿಳಿದು ಫಲವೇನು ಎಂದರೆ, ಫಲವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ಕಲಿಕಾ ನ್ಯೂನತೆಯೂ ಸೇರಿದೆ; 18ನೇ ವಯಸ್ಸಿನಲ್ಲಿ ಕೊಟ್ಟ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯವೆಂದು 2018ರ ಮಾರ್ಗಸೂಚಿ ಹೇಳಿತು. ತೊಡಕು ಆಜೀವವೆಂದು ಕಾನೂನೇ ಒಪ್ಪಿರುವಾಗ, ಚಿಕ್ಕಂದಿನಲ್ಲಿ ಯಾರ ಕಣ್ಣಿಗೂ ಬೀಳದೆ ದೊಡ್ಡವರಾದವರಿಗೆ ಕನ್ನಡದಲ್ಲೇ, ಅವರ ವಯಸ್ಸಿಗೆ ತಕ್ಕ ಅಳತೆಗೋಲು ಸಿದ್ಧಪಡಿಸುವುದು ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಿಮ್ಹಾನ್ಸ್‌ಗಳ ಮುಂದಿರುವ ಕೆಲಸ. ಇನ್ನೂ ಒಂದು ಕಾರಣವುಂಟು: ಈ ತೊಡಕು ವಂಶದಲ್ಲಿ ಹರಿಯುವಂಥದ್ದು. ಅಪ್ಪನಿಗೋ ಅಮ್ಮನಿಗೋ ಇದೆಯೆಂದು ಗೊತ್ತಾದರೆ, ಮಗು ಒಂದನೇ ತರಗತಿಯಲ್ಲಿ ಅಕ್ಷರಕ್ಕೆ ತಡವರಿಸಿದ ದಿನವೇ ಮೇಷ್ಟ್ರು ದಡ್ಡತನವೆಂದು ಬೈಯದೆ ಬೇರೆ ದಾರಿ ಹುಡುಕಬಹುದು.