ಅಭಯದ ಮಾತು, ಎಚ್ಚರದ ಮಾತು

ಸಲಹೆ ಕೇಳಲು ಬಂದವರಿಗೆ ಧೈರ್ಯ ಹೇಳುವುದು ಸದ್ಗುಣವೆಂದೇ ನಮ್ಮಲ್ಲಿ ಎಣಿಕೆ. ವೈದ್ಯರು, ವಕೀಲರು, ಎಂಜಿನಿಯರರು, ನನ್ನಂಥ ಮೇಷ್ಟರು ಕೂಡ, ಎದುರಿಗೆ ಕುಳಿತವರ ಮುಖದಲ್ಲಿ ಆತಂಕ ಕಂಡೊಡನೆ “ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದಿರಿ” ಎಂದುಬಿಡುತ್ತೇವೆ. ಆ ಮಾತಿನ ಹಿಂದೆ ಕೆಡುಕಿನ ಉದ್ದೇಶವಿರುವುದಿಲ್ಲ. ಆದರೆ ಅದಕ್ಕೆ ನಮ್ಮ ತಿಳಿವಳಿಕೆಯ ಆಧಾರವೆಷ್ಟು, ನಮ್ಮ ಸ್ಥಾನದ ಗೌರವದ ಆಧಾರವೆಷ್ಟು ಎಂದು ಬೇರ್ಪಡಿಸಿ ನೋಡುವುದು ಅಪರೂಪ. ಹಾಗೆ ನೋಡದಿದ್ದರೆ ಏನಾದೀತು ಎಂಬುದಕ್ಕೆ ಇಟಲಿಯ ಲಾಕ್ವಿಲಾ ನಗರದ ಕಥೆ ಒಂದು ದಾರುಣ ನಿದರ್ಶನ.

ಲಾಕ್ವಿಲಾ ರೋಮ್ ನಗರದ ಈಶಾನ್ಯಕ್ಕೆ, ಅಪೆನೈನ್ ಪರ್ವತಗಳ ನಡುವೆ ಇರುವ ಹಳೆಯ ಊರು. ಅಬ್ರುಝೋ ಪ್ರಾಂತದ ರಾಜಧಾನಿ. 1349, 1461 ಮತ್ತು 1703ರ ಭೂಕಂಪಗಳು ಆ ಊರನ್ನು ನೆಲಕ್ಕೆ ಕೆಡವಿದ್ದವು. ಹೀಗಾಗಿ ಅಲ್ಲಿನ ಹಿರಿಯರಲ್ಲಿ ಒಂದು ರೂಢಿ ಬೆಳೆದಿತ್ತು: ಭೂಮಿ ಅದುರಿದರೆ ಮಕ್ಕಳುಮರಿಗಳನ್ನು ಕರೆದುಕೊಂಡು ಹೊರಗೆ ಬಂದು, ಆ ರಾತ್ರಿಯನ್ನು ಬಯಲಿನಲ್ಲಿ ಕಳೆಯುವುದು.

2009ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಕಂಪನಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಅದೇ ಹೊತ್ತಿಗೆ ಗ್ರಾನ್ ಸಾಸೋ ಪ್ರಯೋಗಾಲಯದ ತಂತ್ರಜ್ಞ ಜಂಪಾವ್ಲೋ ಜುಲಿಯಾನಿ ಎಂಬಾತ, ನೆಲದಿಂದ ಹೊರಸೂಸುವ ರೇಡಾನ್ ಅನಿಲವನ್ನು ಅಳೆದು ಭೂಕಂಪವನ್ನು ಮುಂಗಾಣಬಲ್ಲೆನೆಂದು ಸಾರುತ್ತಿದ್ದ. ಮಾರ್ಚ್ ಕೊನೆಯಲ್ಲಿ ಆತ ಎಚ್ಚರಿಕೆ ಕೊಟ್ಟದ್ದು ಸುಲ್ಮೋನಾ ಎಂಬ ಬೇರೊಂದು ಊರಿಗೆ. ಆ ಊರಿನಲ್ಲಿ ಭೀತಿ ಹರಡಿತು. ಆತ ಹೇಳಿದ ದೊಡ್ಡ ಭೂಕಂಪ ಮಾತ್ರ ಅಲ್ಲಿ ಸಂಭವಿಸಲಿಲ್ಲ. ಇದು ಆಧಾರ ಸಾಲದ ಆತ್ಮವಿಶ್ವಾಸದ ಒಂದು ಬಗೆ.

ಜನರ ಕಳವಳವನ್ನು ತಣಿಸಬೇಕೆಂದು ಸರ್ಕಾರ ಮಾರ್ಚ್ 31ರಂದು ತಜ್ಞರ ಸಮಿತಿಯ ಸಭೆಯನ್ನು ಲಾಕ್ವಿಲಾದಲ್ಲೇ ಕರೆಯಿತು. ಸಭೆ ನಡೆದದ್ದು ಸುಮಾರು ಒಂದು ತಾಸು. 1703ರಂಥ ದೊಡ್ಡ ಭೂಕಂಪ ಸದ್ಯದಲ್ಲಿ ಆಗುವ ಸಂಭವ ಕಡಿಮೆ, ಆದರೆ ಅದನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು ಎಂಬರ್ಥದ ಮಾತನ್ನು ಹಿರಿಯ ಭೂಕಂಪವಿಜ್ಞಾನಿ ಎಂಝೋ ಬೋಸ್ಕಿ ಅಲ್ಲಿ ಆಡಿದರು. ಅದು ತೂಕದ ಮಾತು.

ಊರಿನ ಕಿವಿಗೆ ಬಿದ್ದದ್ದು ಬೇರೆ ಮಾತು. ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ, ಜಲ ಎಂಜಿನಿಯರಿಂಗ್ ತಜ್ಞ ಬೆರ್ನಾರ್ಡೊ ಡಿ ಬೆರ್ನಾರ್ಡಿನಿಸ್ ಸಭೆ ಸೇರುವ ಮೊದಲೇ ಟೆಲಿವಿಷನ್ ಸಂದರ್ಶನವೊಂದನ್ನು ಕೊಟ್ಟಿದ್ದರು. ಸಣ್ಣ ಕಂಪನಗಳ ಮೂಲಕ ಭೂಮಿಯೊಳಗಿನ ಶಕ್ತಿ ಕರಗುತ್ತಿದೆ, ಆದ್ದರಿಂದ ಪರಿಸ್ಥಿತಿ ಅನುಕೂಲಕರವಾಗಿದೆ, ಅಪಾಯವಿಲ್ಲವೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂಬುದು ಅವರ ಮಾತಿನ ಸಾರ. ಹಾಗಾದರೆ ಒಂದು ಲೋಟ ಒಳ್ಳೆಯ ದ್ರಾಕ್ಷಾರಸ ಕುಡಿಯಬಹುದೇ ಎಂದು ವರದಿಗಾರ ನಗುತ್ತ ಕೇಳಿದಾಗ, ಧಾರಾಳವಾಗಿ ಎಂದು ಅವರು ಮಾಂಟೆಪುಲ್ಚಾನೋ ದ್ರಾಕ್ಷಾರಸದ ಹೆಸರನ್ನೇ ಹೇಳಿದರು. ಶಕ್ತಿ ಕರಗಿ ಅಪಾಯ ತಗ್ಗುತ್ತದೆಂಬ ವಾದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಸಣ್ಣ ಕಂಪನಗಳ ಸರಣಿ ದೊಡ್ಡದರ ಸಂಭವವನ್ನು ಕೊಂಚ ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಹೆಚ್ಚಿದರೂ ಆ ಸಂಭವ ಬಹಳ ಸಣ್ಣದಾಗಿಯೇ ಉಳಿಯುತ್ತದೆ.

ಏಪ್ರಿಲ್ 5ರ ರಾತ್ರಿ ಎರಡು ಕಂಪನಗಳು ಊರನ್ನು ಅದುರಿಸಿದವು. ಕೆಲವರು ರೂಢಿಯಂತೆ ಹೊರಗೆ ಬಂದರು. ಹಲವರು ಟೀವಿಯಲ್ಲಿ ಕೇಳಿದ ಅಭಯವನ್ನು ನಂಬಿ ಮನೆಯಲ್ಲೇ ಮಲಗಿದರು. ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ ಸುಮಾರು 6.3 ತೀವ್ರತೆಯ ಭೂಕಂಪ ಬಂತು. 309 ಜನ ಸತ್ತರು. 60,000ಕ್ಕೂ ಹೆಚ್ಚು ಮಂದಿ ಮನೆ ಕಳೆದುಕೊಂಡರು. ಪತ್ನಿಯನ್ನೂ ಮಗಳನ್ನೂ ಕಳೆದುಕೊಂಡ ಶಸ್ತ್ರವೈದ್ಯರೊಬ್ಬರು, ತಂದೆಯ ಕಾಲದಲ್ಲಾಗಿದ್ದರೆ ನಾವೆಲ್ಲ ಹೊರಗೆ ಹೋಗಿರುತ್ತಿದ್ದೆವು ಎಂದು ಮುಂದೆ ನೊಂದು ನೆನೆದರು.

ಆರು ಮಂದಿ ವಿಜ್ಞಾನಿ-ತಂತ್ರಜ್ಞರ ಮೇಲೂ ಡಿ ಬೆರ್ನಾರ್ಡಿನಿಸ್ ಅವರ ಮೇಲೂ ಮೊಕದ್ದಮೆ ನಡೆಯಿತು. ಭೂಕಂಪವನ್ನು ಮುಂಗಾಣಲಿಲ್ಲವೆಂದು ವಿಜ್ಞಾನಿಗಳಿಗೆ ಶಿಕ್ಷೆಯೇ ಎಂದು ಲೋಕವೆಲ್ಲ ಬೆರಗಾಯಿತು. ಆದರೆ ಆರೋಪವಿದ್ದದ್ದು ಅಪೂರ್ಣವೂ ಅಸಮರ್ಪಕವೂ ಆದ ಮಾಹಿತಿಯಿಂದ ಜನರು ಎಚ್ಚರ ತಪ್ಪುವಂತೆ ಮಾಡಿದರೆಂಬುದರ ಮೇಲೆ. 2012ರ ಅಕ್ಟೋಬರಿನಲ್ಲಿ ಏಳೂ ಜನರಿಗೆ ಆರು ವರ್ಷಗಳ ಸಜೆಯಾಯಿತು. 2014ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆರು ಜನರನ್ನು ಬಿಡುಗಡೆ ಮಾಡಿ, ಸಂದರ್ಶನ ಕೊಟ್ಟವರ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. 2015ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ಇಂಥ ಮಾತಿಗೆ ಸೆರೆಮನೆಯೇ ತಕ್ಕ ಉತ್ತರವೇ ಎಂಬುದರ ಬಗ್ಗೆ ನನಗೆ ಅನುಮಾನವಿದೆ. ಭಯಗೊಂಡ ತಜ್ಞ ಬಾಯಿಯನ್ನೇ ಮುಚ್ಚಿಕೊಂಡಾನು. ಅದರಿಂದಲೂ ಕೇಳುವವನಿಗೆ ನಷ್ಟವೇ. ಆದರೆ ಆ ಸಂದರ್ಶನದ ದೋಷವೇನೆಂಬುದರಲ್ಲಿ ಅನುಮಾನವಿಲ್ಲ. ಕೇಳುಗರು ತಮ್ಮ ಅನುಭವದಿಂದ ಕಟ್ಟಿಕೊಂಡಿದ್ದ ಎಚ್ಚರವನ್ನು ಅದು ಕಸಿದುಕೊಂಡಿತು. ಬದಲಿಗೆ ಕೊಟ್ಟದ್ದು ತಾನೇ ಅರಿಯದ ಭರವಸೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಪಾಲಕರು ಬಂದು “ಮೇಷ್ಟ್ರೇ, ನಮ್ಮ ಹುಡುಗ ಪಾಸಾಗ್ತಾನಲ್ವಾ?” ಎಂದು ಕೇಳುತ್ತಿದ್ದುದು ಮೇಷ್ಟರಾದ ನಮಗೆಲ್ಲ ಪರಿಚಿತ. “ಕನ್ನಡ, ಸಮಾಜಕ್ಕೆ ಯೋಚನೆ ಬೇಡ, ಗಣಿತಕ್ಕೆ ದಿನಾ ಒಂದು ಗಂಟೆ ಕೂರಿಸಿ” ಎಂದು ನಾನು ಹೇಳುತ್ತಿದ್ದೆ. ಅದರಲ್ಲಿ ಧೈರ್ಯವೂ ಇತ್ತು, ಅವರು ಮನೆಗೆ ಹೋಗಿ ಮಾಡಬೇಕಾದ ಕೆಲಸವೂ ಇತ್ತು. ಲಾಕ್ವಿಲಾದಲ್ಲಿಯೂ ಅಂಥ ಉತ್ತರ ಸಾಧ್ಯವಿತ್ತು: ಯಾವಾಗ ಬರುವುದೆಂದು ಯಾರೂ ಹೇಳಲಾರರು, ಆದರೆ ಇದು ಭೂಕಂಪದ ಸೀಮೆ, ಹಳೆಯ ಕಲ್ಲುಕಟ್ಟಡಗಳು ತಾಳಲಾರವು, ಮನೆಯ ಮೇಲೆ ನಂಬಿಕೆಯಿಲ್ಲದಿದ್ದರೆ ನಿಮ್ಮ ಹಿರಿಯರ ರೂಢಿಯನ್ನು ಬಿಡಬೇಡಿ. ಇದರಲ್ಲಿ ಒಂದು ಮಾತೂ ಅಳುಕಿನದಲ್ಲ, ಒಂದು ಮಾತೂ ಸುಳ್ಳಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಗಾದೆ. ಸಲಹೆ ಕೊಡುವವರು, ಅದರಲ್ಲೂ ಕ್ಯಾಮೆರಾದ ಮುಂದೆ ಕೂರುವವರು, ಅದನ್ನು ಮರೆಯಬಾರದು. ತಿಳಿದದ್ದನ್ನು ಗಟ್ಟಿಯಾಗಿ ಹೇಳಲಿ. ತಿಳಿಯದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳಲಿ. ಉಳಿದ ತೀರ್ಮಾನವನ್ನು, ಆ ರಾತ್ರಿ ಆ ಮನೆಯಲ್ಲಿ ಮಲಗಬೇಕಾದವರಿಗೇ ಬಿಡಲಿ.