ಹಳಿ ಕಿತ್ತ ಮೇಲಿನ ಹಾದಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಮಿಡಲ್‌ಮಾರ್ಚ್ ಮತ್ತು ಕ್ಲೈಡ್ ಪಟ್ಟಣಗಳ ನಡುವೆ ಸುಮಾರು 150 ಕಿ.ಮೀ. ಹಬ್ಬಿರುವ ಒಟಾಗೋ ಸೆಂಟ್ರಲ್ ಸೈಕಲ್ ಹಾದಿಯು, 1907ರಲ್ಲಿ ಕ್ಲೈಡ್ ಮುಟ್ಟಿ, ಕುರಿ, ಉಣ್ಣೆ, ಹಣ್ಣುಗಳನ್ನು ಹೊತ್ತು, ಕೊನೆಗೆ ಲಾರಿಗಳ ಪೈಪೋಟಿಯಲ್ಲಿ ಸೊರಗಿ 1990ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲೆಯೇ ರೂಪುಗೊಂಡಿತು. ಹಳಿ ಕಿತ್ತ ಜಾಗದ ದಪ್ಪ ಜಲ್ಲಿಯ ಮೇಲೆ ಸಣ್ಣ ಜಲ್ಲಿ ಹಾಸಿ, ಸೇತುವೆಗಳಿಗೆ ಮರದ ಹಲಗೆಯನ್ನೂ ಕೈಪಿಡಿಕಂಬಿಯನ್ನೂ ಜೋಡಿಸಿ, 2000ದಲ್ಲಿ ಇದನ್ನು ಪೂರ್ಣವಾಗಿ ತೆರೆಯಲಾಯಿತು. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಎಂಜಿನಿಯರರು ಏರುಪ್ರಮಾಣವನ್ನು, ಎಂದರೆ ಸಾಗಿದ ದೂರಕ್ಕೆ ಏರಿದ ಎತ್ತರದ ಲೆಕ್ಕವನ್ನು, 50 ಅಡಿಗೆ 1 ಅಡಿಯ ಆಸುಪಾಸಿಗೆ ಮಿತಗೊಳಿಸಿದ್ದರು. ಆ ಲೆಕ್ಕಾಚಾರದ ಫಲವನ್ನು ಇಂದು ಉಣ್ಣುತ್ತಿರುವವರು, ನಾಲ್ಕೈದು ದಿನ ಹರಟುತ್ತ ಸಾಗುವ ಸವಾರರ ಗುಂಪುಗಳೇ ಎಂದರೆ ತಪ್ಪಾಗದು. ಈ ಹಾದಿಯಲ್ಲಿ ಸಿಗುವ ಪೂಲ್‌ಬರ್ನ್ ಕಮರಿಯ ಎರಡು ಸುರಂಗಗಳಲ್ಲಿ ಮಾತ್ರ ದೀಪವಿಲ್ಲ. ಅಲ್ಲಿ ಟಾರ್ಚು ಬೇಕು.