ಬೊಕ್ಕಸದಿಂದ ಸಾಲ ತಂದ ಬೆಳ್ಳಿ

ನಿಮ್ಮ ಮನೆಯ ರೇಡಿಯೋವಿಗೆ ವಿದ್ಯುತ್ತನ್ನು ತರುವ ತಂತಿಯ ಹೊದಿಕೆಯೊಳಗೆ ಸಾಮಾನ್ಯವಾಗಿ ಇರುವುದು ತಾಮ್ರ. ಈ ಕೆಲಸದಲ್ಲಿ ತಾಮ್ರವನ್ನು ಮೀರಿಸಿದ್ದು ಇಲ್ಲವೆಂದು ನೀವು ಎಣಿಸಿರಬಹುದು. ಆದರೆ ಮೊದಲ ಸ್ಥಾನ ಬೆಳ್ಳಿಯದು. ತಾಮ್ರ ಅದಕ್ಕಿಂತ ನೂರಕ್ಕೆ ಐದಾರು ಪಾಲು ಹಿಂದೆ. ಚಿನ್ನ ಮೂರನೆಯದು. ಬೆಳ್ಳಿಯ ತಂತಿ ನಮ್ಮ ಮನೆಗಳಿಗೆ ಬಾರದಿರಲು ಅದರ ಬೆಲೆಯೇ ಕಾರಣ.

ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ತಾಮ್ರ, ಬೆಳ್ಳಿ, ಚಿನ್ನ ಒಂದರ ಕೆಳಗೊಂದು ನಿಂತಿವೆ. ಇದು ಆಕಸ್ಮಿಕವಲ್ಲ. ಇವುಗಳ ಪ್ರತಿಯೊಂದು ಪರಮಾಣುವಿನ ಹೊರ ಅಂಚಿನಲ್ಲಿ ಒಂಟಿ ಎಲೆಕ್ಟ್ರಾನು ಇರುತ್ತದೆ. ಲೋಹದಲ್ಲಿ ಅದು ಯಾವ ಪರಮಾಣುವಿಗೂ ಕಟ್ಟುಬೀಳದೆ ಹರಿದಾಡಬಲ್ಲುದು. ಈಗ ಬೆಳ್ಳಿಯಿಂದ ಅದೇ ಅಡ್ಡಸಾಲಿನಲ್ಲಿ ಬಲಕ್ಕೆ ನಡೆಯಿರಿ. ಕ್ಯಾಡ್ಮಿಯಂ, ಇಂಡಿಯಂಗಳನ್ನು ದಾಟಿ ತವರಕ್ಕೆ ಬರುವಷ್ಟರಲ್ಲಿ ವಾಹಕತೆ ಸುಮಾರು ಏಳರಲ್ಲೊಂದು ಪಾಲಿಗೆ ಇಳಿದಿರುತ್ತದೆ; ಆಂಟಿಮೊನಿಯಲ್ಲಿ ಇಪ್ಪತ್ತೈದರಲ್ಲೊಂದು ಪಾಲು. ಮುಂದಿನ ಟೆಲ್ಲುರಿಯಂ ಅರೆವಾಹಕ. ಆರನೆಯ ಹೆಜ್ಜೆಗೆ ಸಿಗುವ ಅಯೊಡೀನು ವಿದ್ಯುತ್ತಿಗೆ ದಾರಿ ಕೊಡುವುದೇ ಇಲ್ಲವೆನ್ನಬಹುದು. ಅಲ್ಲಿ ಎಲೆಕ್ಟ್ರಾನುಗಳು ಪರಮಾಣುಗಳನ್ನು ಜೋಡಿಸುವ ಬಂಧದಲ್ಲಿ ಸೆರೆಯಾಗಿರುತ್ತವೆ.

ಬೆಳ್ಳಿಯ ಈ ಹಿರಿಮೆ ಒಮ್ಮೆ ಯುದ್ಧದ ಕೆಲಸಕ್ಕೆ ಒದಗಿತು. 1942ರಲ್ಲಿ ಅಮೆರಿಕ ಗುಟ್ಟಾಗಿ ಅಣುಬಾಂಬಿನ ತಯಾರಿಯಲ್ಲಿ ತೊಡಗಿತ್ತು. ಯುರೇನಿಯಂ 235ನ್ನು ಬೇರ್ಪಡಿಸಲು ಟೆನೆಸ್ಸೀ ರಾಜ್ಯದ ಓಕ್ ರಿಜ್‌ನಲ್ಲಿ ಭಾರಿ ವಿದ್ಯುತ್ಕಾಂತಗಳು ಬೇಕಾಗಿದ್ದವು. ಅವಕ್ಕೆ ಸುತ್ತುವಷ್ಟು ತಾಮ್ರ ಎಲ್ಲಿಯದು? ತೋಟಾಗಳಿಗೂ ಹಡಗುಗಳಿಗೂ ಅದು ಬೇಕಾಗಿತ್ತು. ಆಗ ಸೇನಾಧಿಕಾರಿ ಕೆನೆತ್ ನಿಕಲ್ಸ್ ಸರ್ಕಾರದ ಬೊಕ್ಕಸಕ್ಕೆ ಹೋಗಿ ಸಾವಿರಾರು ಟನ್ನು ಬೆಳ್ಳಿಯನ್ನು ಸಾಲವಾಗಿ ಕೇಳಿದರು. ಬೊಕ್ಕಸದ ಅಧಿಕಾರಿ ಡೇನಿಯಲ್ ಬೆಲ್ ಅವರಿಗೆ ಆ ಮಾತು ಹಿಡಿಸಲಿಲ್ಲ. ತಾವು ಬೆಳ್ಳಿಯನ್ನು ಎಣಿಸುವುದು ಟ್ರಾಯ್ ಔನ್ಸಿನಲ್ಲಿ, ಟನ್ನಿನಲ್ಲಲ್ಲ ಎಂದು ತಿದ್ದಿದರು! ಆದರೂ ಬೆಳ್ಳಿ ಹೊರಬಂತು. ಒಟ್ಟು ಸುಮಾರು 13,300 ಮೆಟ್ರಿಕ್ ಟನ್ನು.

ಆ ಬೆಳ್ಳಿಯ ಸುರುಳಿಗಳ ನಡುವೆ ಬೇರ್ಪಟ್ಟ ಯುರೇನಿಯಂ 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಸಿಡಿಯಿತು. ಯುದ್ಧ ಮುಗಿದ ಬಳಿಕ ಸುರುಳಿಗಳನ್ನು ಬಿಚ್ಚಿ, ಕರಗಿಸಿ, ಬೆಳ್ಳಿಯನ್ನು ಹಿಂದಕ್ಕೆ ಕಳುಹಿಸತೊಡಗಿದರು. ಕೊನೆಯ ಕಂತು 1970ರಲ್ಲಿ ಸಂದಿತು. ಅಷ್ಟು ರಾಶಿಯಲ್ಲಿ ಹತ್ತು ಸಾವಿರಕ್ಕೆ ನಾಲ್ಕು ಪಾಲೂ ನಷ್ಟವಾಗಿರಲಿಲ್ಲ. ಬೊಕ್ಕಸದ ಸಾಲ ತೀರಿತು. ಹಿರೋಷಿಮಾದಲ್ಲಿ ಹೋದ ಜೀವಗಳನ್ನು ಮಾತ್ರ ಯಾರು ತಾನೆ ಹಿಂದಿರುಗಿಸಿಯಾರು?